ಪೆಟ್ಟಿಗೆಯೊಳಗಿನ ಶಾನುಭೋಗ

ಊರಿನಲ್ಲಿ ನೂರು ಜನ, ಸಾವಿರ ಎಕರೆ ಹೊಲ, ಕಣಜದಲ್ಲಿ 2800 ಬುಶೆಲ್ ಧಾನ್ಯ. ತಲೆಗೆ ವರ್ಷಕ್ಕೆ 20 ಬುಶೆಲ್ ಊಟಕ್ಕೆ ಬೇಕು, ಎಕರೆಗೆ ಅರ್ಧ ಬುಶೆಲ್ ಬಿತ್ತನೆಗೆ ಬೇಕು, ಒಬ್ಬ ಆಳು ಹತ್ತು ಎಕರೆಗಿಂತ ಹೆಚ್ಚು ಉಳಲಾರ. ಊಟದ 2000, ಬೀಜದ 500 ಕಳೆದರೆ ಕೈಯಲ್ಲಿ ಉಳಿಯುವುದು 300. ಅದರಿಂದ ಇನ್ನಷ್ಟು ಹೊಲ ಕೊಳ್ಳಬಹುದು. ಆದರೆ ದರ ವರ್ಷಕ್ಕೊಂದು, ಎಕರೆಗೆ 17ರಿಂದ 26 ಬುಶೆಲ್‌ವರೆಗೆ ಎಲ್ಲಿ ಬೇಕಾದರೂ ನಿಂತೀತು. ಕೊಂಡರೆ ಈ ವರ್ಷ ಉಳಲು ಆಳಿಲ್ಲ. ಕೊಳ್ಳದೆ ಕಣಜದಲ್ಲೇ ಬಿಟ್ಟರೆ ಇಲಿಗಳಿವೆ. ಎಕರೆಗೆ ಐದು ಬುಶೆಲ್ ಬೆಳೆದರೆ ಸುಗ್ಗಿ. ಒಂದೇ ಬೆಳೆದರೆ, ಬೀಜಕ್ಕೆಂದು ಒಂದು ಕಾಳನ್ನೂ ಎತ್ತಿಡದಿದ್ದರೂ, ಮುಂದಿನ ವರ್ಷ ಮೂವರಲ್ಲಿ ಒಬ್ಬನಿಗೆ ಕೂಳಿಲ್ಲ. 'ಹಮುರಾಬಿ' ಎಂಬ ಕಂಪ್ಯೂಟರ್ ಆಟದ ಮೊದಲ ವರ್ಷದ ಲೆಕ್ಕ ಇದು. ಡೌಗ್ ಡೈಮೆಂಟ್ ಎಂಬಾತ 1968ರಲ್ಲಿ ಇದನ್ನು ಪಿಡಿಪಿ-8 ಎಂಬ ಸಣ್ಣ ಗಣಕಕ್ಕಾಗಿ ಬರೆದ. ಡೇವಿಡ್ ಆಲ್ ಅದನ್ನು ಬೇಸಿಕ್ ಭಾಷೆಗೆ ತಂದು, 1973ರಲ್ಲಿ ತಾನು ಹೊರತಂದ 101 ಆಟಗಳ ಸಂಕಲನದಲ್ಲಿ ಸೇರಿಸಿದ. ಚಿತ್ರವಿಲ್ಲ, ಸದ್ದಿಲ್ಲ, ಶತ್ರುವೂ ಇಲ್ಲ. ಯಂತ್ರ ಪ್ರಶ್ನೆಯೊಂದನ್ನು ಟೈಪು ಮಾಡುತ್ತದೆ, ಆಡುವವನು ಸಂಖ್ಯೆಯೊಂದನ್ನು ಒತ್ತುತ್ತಾನೆ. ಹತ್ತು ವರ್ಷದ ಆಳ್ವಿಕೆ ಮುಗಿದ ಮೇಲೆ ಯಂತ್ರ ತೀರ್ಪು ಹೇಳುತ್ತದೆ. ಇಷ್ಟಕ್ಕೇ ಜನ ಗಂಟೆಗಟ್ಟಲೆ ಕುಳಿತು ಆಡಿದರು.

ಇದರ ಮೂಲ ಇನ್ನೂ ನಾಲ್ಕು ವರ್ಷ ಹಿಂದಿನದು. ನ್ಯೂಯಾರ್ಕ್ ರಾಜ್ಯದ ಕಟೋನಾ ಎಂಬಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದ ಮೇಬಲ್ ಆಡಿಸ್, ಐಬಿಎಂ ಕಂಪನಿಯ ಪ್ರೋಗ್ರಾಮರ್ ವಿಲಿಯಂ ಮೆಕೇ ಜೊತೆ ಸೇರಿ 1964ರಲ್ಲಿ ಆರನೆಯ ತರಗತಿಯ ಮಕ್ಕಳಿಗೆಂದು 'ಸುಮೇರಿಯನ್ ಗೇಮ್' ಸಿದ್ಧಪಡಿಸಿದರು. ಮಗು ಲಗಾಶ್ ಎಂಬ ಪ್ರಾಚೀನ ನಗರದ ದೊರೆ. ಎಷ್ಟು ಕಾಳು ಬಿತ್ತಬೇಕು, ಎಷ್ಟು ಹಂಚಬೇಕು, ಎಷ್ಟು ಕೂಡಿಡಬೇಕು ಎಂಬುದೇ ಪಾಠ, ಅದೇ ಆಟ. ವಿಡಿಯೊ ಗೇಮ್ ಎಂದೊಡನೆ ಬಣ್ಣ, ವೇಗ, ಗುಂಡಿನ ಸದ್ದು ಇವನ್ನೇ ನೆನೆಯುವವರಿಗೆ ಈ ವಂಶಾವಳಿ ವಿಚಿತ್ರವಾಗಿ ಕಾಣಬಹುದು. ಆದರೆ ಸ್ಟ್ರಾಟೆಜಿ ಆಟಗಳ ರುಚಿ ಏನೆಂದು ತಿಳಿಯಬೇಕಾದರೆ ಇಲ್ಲಿಂದಲೇ ಹೊರಡಬೇಕು. ಇದ್ದದ್ದು ಎಲ್ಲಕ್ಕೂ ಸಾಲದು. ಮುಂದೇನಾಗುತ್ತದೆಂದು ಪೂರ್ತಿ ತಿಳಿಯದು. ಇಂದು ಮಾಡಿದ್ದರ ಫಲ ಇಂದೇ ಕೈಗೆ ಬಾರದು. ಈ ಮೂರರ ನಡುವೆ ನಿಂತು ಒಂದನ್ನು ಆರಿಸುವುದು ಹೊಲದ ಬದುವಿನ ಮೇಲೆ ನಿಂತ ರೈತನಿಗೆ ಸಂಕಟ. ಯಾರ ಹೊಟ್ಟೆಯೂ ಹಸಿಯದ ಆಟದ ಮಣೆಯ ಮೇಲೆ ಅದೇ ಒಂದು ಬಗೆಯ ಸುಖ. ಆ ಸುಖವನ್ನು ಕಂಪ್ಯೂಟರ್ ಹುಟ್ಟಿಸಲಿಲ್ಲ. ಅದಕ್ಕೆ ಅಡ್ಡವಾಗಿ ಬೆಳೆದಿದ್ದ ಲೆಕ್ಕದ ರಾಶಿಯನ್ನು ಎತ್ತಿ ಪಕ್ಕಕ್ಕಿಟ್ಟಿತು, ಅಷ್ಟೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಕಂಪ್ಯೂಟರ್ ಈ ಆಟಗಳಿಗೆ ಶಾನುಭೋಗನಾಗಿ ಬಂತು. ಪಟೇಲಿಕೆ ಆಡುವವನ ಕೈಯಲ್ಲೇ ಉಳಿಯಿತು. ಶಾನುಭೋಗ ಬಂದ ಮೇಲೆ ಬರುವ ತೊಡಕುಗಳೂ ಜೊತೆಗೇ ಬಂದವು. ಅದನ್ನು ಕೊನೆಗೆ ನೋಡೋಣ.

ಚದುರಂಗಕ್ಕೆ ಶಾನುಭೋಗ ಬೇಡ. ಏಳನೆಯ ಶತಮಾನದ ಬಾಣನ 'ಹರ್ಷಚರಿತ'ದ ಹೊತ್ತಿಗೇ ಪರಿಚಿತವಾಗಿದ್ದ, ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ತನ್ನ 'ಮಾನಸೋಲ್ಲಾಸ'ದಲ್ಲಿ ಅರಸರ ವಿನೋದಗಳ ಸಾಲಿನಲ್ಲಿ ವಿವರಿಸಿದ ಈ ಆಟ, ಯುದ್ಧವನ್ನು 64 ಮನೆಗಳಿಗೆ ಇಳಿಸಿ ತಲೆಯೊಳಗೆ ಹಿಡಿಸುವಷ್ಟು ಚಿಕ್ಕದು ಮಾಡಿತು. ಅದರ ಸೊಗಸೂ ಅದೇ, ಮಿತಿಯೂ ಅದೇ. ಚದುರಂಗದ ಆನೆಗೆ ಮೇವು ಹಾಕಬೇಕಿಲ್ಲ. ಕುದುರೆ ದಣಿಯುವುದಿಲ್ಲ. ಎದುರಾಳಿಯ ದಂಡು ಎಲ್ಲಿದೆಯೆಂದು ಗೂಢಚಾರನನ್ನು ಕಳಿಸಬೇಕಿಲ್ಲ, ಎಲ್ಲವೂ ಕಣ್ಣೆದುರೇ ಇದೆ. ಅದೃಷ್ಟವನ್ನಂತೂ ಈಗಿನ ಚದುರಂಗ ಸಂಪೂರ್ಣ ಹೊರಗಿಟ್ಟಿದೆ. ಹಿಂದೆ ಎಲ್ಲ ಚದುರಂಗವೂ ಹಾಗಿರಲಿಲ್ಲ ಎನ್ನುವುದಕ್ಕೆ ಅಲ್ ಬಿರೂನಿ ಸಾಕ್ಷಿ: ಹನ್ನೊಂದನೆಯ ಶತಮಾನದಲ್ಲಿ ಆತ ಭಾರತದ ಬಗ್ಗೆ ಬರೆಯುವಾಗ ನಾಲ್ವರು ಕೂತು ದಾಳ ಉರುಳಿಸಿ ಆಡುವ ಚದುರಂಗವನ್ನು ವರ್ಣಿಸಿದ್ದಾನೆ. ದಾಳ ಹೋಯಿತು, ಲೆಕ್ಕಾಚಾರ ಉಳಿಯಿತು, ಆಟ ಇನ್ನಷ್ಟು ಆಳವಾಯಿತು. ಆದರೆ ಮುಂದೇನೋ ತಿಳಿಯದೆ ಮಬ್ಬಿನಲ್ಲಿ ನಿರ್ಧರಿಸುವ ತಳಮಳವನ್ನು ಚದುರಂಗ ತನ್ನ ಅಂಗಳದಿಂದ ಆಚೆ ಕಳಿಸಿಬಿಟ್ಟಿತು. ಸ್ಟ್ರಾಟೆಜಿ ಆಟಗಳ ಮುಂದಿನ ಇತಿಹಾಸವೆಲ್ಲ ಚದುರಂಗದ ಆನೆಗೆ ಮೇವು ಹಾಕಲು ಹೊರಟವರ ಇತಿಹಾಸ.

ಹಾಗೆ ಹೊರಟವರು ಜರ್ಮನ್ ನಾಡಿನವರು. 1780ರಲ್ಲಿ ಬ್ರನ್ಸ್‌ವಿಕ್‌ನ ಗಣಿತಜ್ಞ ಹೆಲ್‌ವಿಗ್ ಚದುರಂಗದ ಮಣೆಯನ್ನು ಸಾವಿರದ ಆರುನೂರಕ್ಕೂ ಹೆಚ್ಚು ಮನೆಗಳಿಗೆ ಹಿಗ್ಗಿಸಿ, ಬಯಲು, ಬೆಟ್ಟ, ನೀರು ಎಂದು ಬಣ್ಣ ಹಚ್ಚಿದ. ಆದರೆ ನಿಜವಾದ ತಿರುವು ಪ್ರಷ್ಯಾದ ಒಬ್ಬ ತಂದೆ-ಮಗನದು. ತಂದೆ ರೈಸ್‌ವಿಟ್ಸ್ 1812ರಲ್ಲಿ ತನ್ನ ದೊರೆಗೆ ಒಪ್ಪಿಸಿದ ಆಟದ ಮೇಜು ಇವತ್ತಿಗೂ ಬರ್ಲಿನ್ನಿನಲ್ಲಿದೆ: ಬೆಟ್ಟ, ಹೊಳೆ, ಹಳ್ಳಿಗಳ ಗಾರೆಯ ಬಿಲ್ಲೆಗಳನ್ನು ಬೇಕಾದಂತೆ ಜೋಡಿಸಬಹುದಾದ, ಖಾನೆಗಳಿಂದ ತುಂಬಿದ ಮೇಜು. ಫಿರಂಗಿ ದಳದಲ್ಲಿ ಲೆಫ್ಟಿನೆಂಟ್ ಆಗಿದ್ದ ಮಗ 1824ರಲ್ಲಿ ನಿಯಮಗಳ ಪುಸ್ತಕ ಪ್ರಕಟಿಸಿದ. ಆತ ಮನೆಗಳನ್ನೇ ಕಿತ್ತೆಸೆದು ನಿಜವಾದ ಭೂಪಟವನ್ನು ಹಾಸಿದ. ಎರಡು ಕಡೆಯವರೂ ಕಾಯಿ ಮುಟ್ಟುವಂತಿಲ್ಲ. ಚೀಟಿಯಲ್ಲಿ ಆಜ್ಞೆ ಬರೆದು ನಡುವಿನ ತೀರ್ಪುಗಾರನಿಗೆ ಕೊಡಬೇಕು. ಒಂದು ಸರದಿ ಎಂದರೆ ರಣರಂಗದ ಎರಡು ನಿಮಿಷ. ದೂರದ ದಳಕ್ಕೆ ಕಳಿಸಿದ ಆಜ್ಞೆ ತಡವಾಗಿಯೇ ತಲುಪುತ್ತದೆ. ಗುಡ್ಡದ ಹಿಂದಿನ ಶತ್ರುವಿನ ತುಂಡುಗಳನ್ನು ತೀರ್ಪುಗಾರ ಮೇಜಿನ ಮೇಲೆ ಇಡುವುದೇ ಇಲ್ಲ. ಗುಂಡಿನ ಫಲವನ್ನು ದಾಳ ಹಾಕಿ ಕೋಷ್ಟಕ ನೋಡಿ ಹೇಳುತ್ತಾನೆ. ಸೇನೆಯ ಮುಖ್ಯಸ್ಥ ಮ್ಯೂಫ್ಲಿಂಗ್ ಮೊದಮೊದಲು ಉದಾಸೀನವಾಗಿ ನೋಡುತ್ತಿದ್ದವನು, ಕೊನೆಗೆ ಇದು ಆಟವಲ್ಲ, ಯುದ್ಧದ ತಾಲೀಮು ಎಂದು ಉದ್ಗರಿಸಿದನಂತೆ. ಪ್ರಷ್ಯಾದ ರೆಜಿಮೆಂಟುಗಳಿಗೆಲ್ಲ ಆಟವನ್ನು ಶಿಫಾರಸು ಮಾಡಿದ. ಮಗ ರೈಸ್‌ವಿಟ್ಸ್‌ಗೆ ಮಾತ್ರ ಅದರಿಂದ ನೆಮ್ಮದಿ ಸಿಗಲಿಲ್ಲ. 1827ರಲ್ಲಿ ಆತ್ಮಹತ್ಯೆ ಮಾಡಿಕೊಂಡ.

ಇದೇ ಕಾಲದಲ್ಲಿ ಮೈಸೂರಿನಲ್ಲಿ ಒಬ್ಬ ಅರಸರು ಆಟಗಳ ಲೋಕದಲ್ಲಿ ಮುಳುಗಿದ್ದರು ಎಂಬುದನ್ನು ಇಲ್ಲಿ ಬಿಡಲಾಗದು. ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯನ್ನು ಒಂದೂ ಮನೆ ಬಿಡದಂತೆ, ಒಂದನ್ನೂ ಎರಡು ಸಲ ತುಳಿಯದಂತೆ ಮಣೆಯೆಲ್ಲ ಸುತ್ತಿಸುವ ಸಮಸ್ಯೆಗಳನ್ನು ರಚಿಸಿದರು. ಅವರ 'ಶ್ರೀತತ್ತ್ವನಿಧಿ'ಯ ಕೊನೆಯ ಭಾಗವಾದ ಕೌತುಕನಿಧಿಯಲ್ಲಿ ಅವರೇ ಕಲ್ಪಿಸಿದ ಆಟಗಳಿಗೆ ಜಾಗವಿದೆ. 1831ರಲ್ಲಿ ಬ್ರಿಟಿಷರು ರಾಜ್ಯಾಡಳಿತವನ್ನು ಅವರ ಕೈಯಿಂದ ತೆಗೆದುಕೊಂಡಿದ್ದರು. ಆಳುವ ಕೆಲಸ ಹೋದದ್ದರಿಂದಲೇ ಆಟ ಬಂತೆಂದು ಹೇಳುವುದು ಸುಲಭ, ಆದರೆ ತರವಲ್ಲ. ಬರ್ಲಿನ್ ಮತ್ತು ಮೈಸೂರಿನ ಅಂತರವನ್ನಷ್ಟೇ ಗಮನಿಸಬಹುದು. ಒಂದು ಕಡೆ ಆಟ ಪ್ರಪಂಚದ ಗೊಂದಲವನ್ನೆಲ್ಲ ಒಳಗೆ ಎಳೆದುಕೊಳ್ಳುತ್ತಿತ್ತು. ಇನ್ನೊಂದು ಕಡೆ ಪ್ರಪಂಚದ ಗೊಂದಲವನ್ನೆಲ್ಲ ಹೊರಗೆ ನಿಲ್ಲಿಸಿ ಶುದ್ಧ ಗಣಿತದ ಸೊಗಸಿಗೆ ತಿರುಗಿತ್ತು. ಎರಡೂ ಬುದ್ಧಿಯ ವಿಲಾಸಗಳೇ. ಮುಂದೆ ಕಂಪ್ಯೂಟರಿನೊಳಗೆ ಹೊಕ್ಕದ್ದು ಮೊದಲನೆಯ ದಾರಿ.

ಆ ದಾರಿಯಲ್ಲಿ ಬೇಗನೆ ಒಂದು ಗೋಡೆ ಎದುರಾಯಿತು. ಆಟಕ್ಕೆ ಮೇವು, ದೂರ, ಮಬ್ಬು, ದಣಿವು ಎಲ್ಲವನ್ನೂ ತಂದರೆ ಅವೆಲ್ಲದರ ಲೆಕ್ಕವನ್ನೂ ಯಾರಾದರೂ ಇಡಬೇಕು. ರೈಸ್‌ವಿಟ್ಸ್‌ನ ತೀರ್ಪುಗಾರ ಪ್ರತಿ ಎರಡು ನಿಮಿಷಕ್ಕೂ ಕೋಷ್ಟಕ ತಿರುವಬೇಕಿತ್ತು. ಆಡುವ ಅಧಿಕಾರಿಗಳು ಆಕಳಿಸುತ್ತಾ ಕೂರಬೇಕಿತ್ತು. 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಪ್ರಷ್ಯನ್ ಸೇನಾಧಿಕಾರಿ ಬೇಸತ್ತು ದಾಳವನ್ನೂ ಕೋಷ್ಟಕವನ್ನೂ ಪಕ್ಕಕ್ಕೆ ಸರಿಸಿ, ಅನುಭವಿ ತೀರ್ಪುಗಾರ ತನ್ನ ವಿವೇಕದಿಂದಲೇ ಫಲ ಹೇಳಲಿ ಎಂಬ ಮುಕ್ತ ಪದ್ಧತಿಯನ್ನು ಮುಂದಿಟ್ಟ. ಆಟ ಓಡತೊಡಗಿತು, ಆದರೆ ಈಗ ಅದು ಒಬ್ಬ ಹಿರಿಯನ ಮರ್ಜಿಗೆ ಬಿತ್ತು. ಕಿರಿಯ ಅಧಿಕಾರಿಯ ಜಾಣ ನಡೆ ತೀರ್ಪುಗಾರನಿಗೆ ಹಿಡಿಸದಿದ್ದರೆ ಅಲ್ಲಿಗೆ ಮುಗಿಯಿತು. ಲೆಕ್ಕ ಇಟ್ಟರೆ ಆಟ ತೆವಳುತ್ತದೆ, ಬಿಟ್ಟರೆ ನ್ಯಾಯ ಕೆಡುತ್ತದೆ. ಈ ಇಕ್ಕಟ್ಟು ಮುಂದಿನ ನೂರು ವರ್ಷವೂ ಬಗೆಹರಿಯಲಿಲ್ಲ.

ಇಪ್ಪತ್ತನೆಯ ಶತಮಾನದ ನಡುವಿಗೆ ಆಟ ಸೇನೆಯಿಂದ ಮನೆಯ ಮೇಜಿಗೆ ಇಳಿಯಿತು. ಅಮೆರಿಕದ ಮೇರಿಲ್ಯಾಂಡ್‌ನ ಚಾರ್ಲ್ಸ್ ರಾಬರ್ಟ್ಸ್ 1954ರಲ್ಲಿ 'ಟ್ಯಾಕ್ಟಿಕ್ಸ್' ಮಾರಿದ. 1958ರ ಹೊತ್ತಿಗೆ ಅವನ ಆವಲಾನ್ ಹಿಲ್ ಕಂಪನಿ ಬಾಲ್ಟಿಮೋರ್ ಆಸುಪಾಸಿನಲ್ಲಿ ನೆಲೆಯೂರಿತು. ಆರು ಮೂಲೆಯ ಮನೆಗಳ ಭೂಪಟ, ರಟ್ಟಿನ ಚೌಕ ಬಿಲ್ಲೆಗಳು, ಕಾದಾಟದ ಫಲ ಹೇಳುವ ಕೋಷ್ಟಕ. ಇಲ್ಲಿ ತೀರ್ಪುಗಾರನೇ ಇಲ್ಲ, ಆಡುವವರೇ ಲೆಕ್ಕವನ್ನೂ ಇಡಬೇಕು. ಆ ಚಟ ಎಲ್ಲಿಗೆ ಹೋಗಿ ಮುಟ್ಟಿತೆಂದರೆ, 1979ರಲ್ಲಿ ಎಸ್‌ಪಿಐ ಕಂಪನಿಗಾಗಿ ರಿಚರ್ಡ್ ಬರ್ಗ್ ರೂಪಿಸಿದ ಉತ್ತರ ಆಫ್ರಿಕದ ಯುದ್ಧದ ಆಟವನ್ನು ಪೂರ್ತಿ ಆಡಿ ಮುಗಿಸಲು ಸಾವಿರ ಗಂಟೆಗೂ ಹೆಚ್ಚು ಬೇಕು, ಎರಡು ಕಡೆಗೂ ಸೇರಿ ಹತ್ತು ಜನ ಬೇಕು. ಒಬ್ಬೊಬ್ಬ ಪೈಲಟ್‌ನ ಲೆಕ್ಕ, ಪೀಪಾಯಿಯಿಂದ ಆವಿಯಾಗುವ ಪೆಟ್ರೋಲಿನ ಲೆಕ್ಕ. ಇಟಲಿಯ ಸೈನಿಕರಿಗೆ ಪಾಸ್ತಾ ಬೇಯಿಸಲು ಹೆಚ್ಚುವರಿ ನೀರು ಕೊಡಬೇಕೆಂಬ ನಿಯಮವೂ ಅದರಲ್ಲಿದೆ! ಬರ್ಗ್ ಅರ್ಧ ತಮಾಷೆಗೇ ಅದನ್ನು ಸೇರಿಸಿದ್ದ. ಆದರೆ ತಮಾಷೆ ಯಾವುದು, ನಿಯಮ ಯಾವುದು ಎಂದು ಗೊತ್ತಾಗದಷ್ಟು ಆ ಪ್ರಕಾರ ಹಣ್ಣಾಗಿತ್ತು. ಆನೆಗೆ ಮೇವು ಹಾಕಲು ಹೋದವರು ಲಾಯದಲ್ಲೇ ಉಳಿದುಬಿಟ್ಟರು.

ಕಂಪ್ಯೂಟರ್ ಬಂದದ್ದು ಈ ಘಟ್ಟದಲ್ಲಿ. ಯಂತ್ರಕ್ಕೆ ಬೇಸರವಿಲ್ಲ, ಪಕ್ಷಪಾತವಿಲ್ಲ, ಗುಡ್ಡದ ಹಿಂದೆ ಏನಿದೆಯೆಂದು ಬಾಯಿ ಬಿಡುವುದೂ ಇಲ್ಲ. 1977ರಲ್ಲಿ ವಾಲ್ಟರ್ ಬ್ರೈಟ್ ಬರೆದ 'ಎಂಪೈರ್'ನಲ್ಲಿ ಭೂಪಟವೆಲ್ಲ ಕತ್ತಲೆ. ನಿಮ್ಮ ದಳ ಕಾಲಿಟ್ಟಷ್ಟು ನೆಲ ಮಾತ್ರ ಬೆಳಕಿಗೆ ಬರುತ್ತದೆ. ರೈಸ್‌ವಿಟ್ಸ್ ಮೂರನೆಯ ಮನುಷ್ಯನೊಬ್ಬನನ್ನು ಇಡೀ ದಿನ ಕೂರಿಸಿ ಸಾಧಿಸಿದ್ದನ್ನು ಇದು ಪುಕ್ಕಟೆಯಾಗಿ ಕೊಟ್ಟಿತು. 1981ರಲ್ಲಿ ಕ್ರಿಸ್ ಕ್ರಾಫರ್ಡ್ ಆಟಾರಿ ಯಂತ್ರಕ್ಕೆ ಬರೆದ 'ಈಸ್ಟರ್ನ್ ಫ್ರಂಟ್'ನಲ್ಲಿ, ನೀವು ಯೋಚಿಸುತ್ತಿರುವಾಗಲೇ ಎದುರಾಳಿಯಾದ ಯಂತ್ರವೂ ತನ್ನ ನಡೆಯನ್ನು ಯೋಚಿಸುತ್ತಿರುತ್ತದೆ. ಜಪಾನಿನ ಕೋಯಿ ಕಂಪನಿ 1983ರಲ್ಲಿ ತಂದ 'ನೊಬುನಾಗಾಸ್ ಆಂಬಿಷನ್' ಭತ್ತದ ಬೆಳೆ, ತೆರಿಗೆ, ಪ್ರಜೆಗಳ ನಿಷ್ಠೆಗಳ ಸುತ್ತ ಹೆಣೆದದ್ದು. ಯುದ್ಧಕ್ಕೆ ಹೊರಡುವ ಮುನ್ನ ಕಣಜ ನೋಡಿಕೊಳ್ಳಬೇಕು. ಎಸ್‌ಪಿಐ ಆಟದಂತೆಯೇ ಅಂಕಿಗಳು ಇಲ್ಲೂ ಓಡಾಡುತ್ತಿದ್ದವು. ಆದರೆ ಅವು ಕಡತದ ಒಳಗಿದ್ದವು, ಆಡುವವನ ಮಡಿಲಲ್ಲಿ ಅಲ್ಲ.

ನನ್ನ ವಾದಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ 1991ರ 'ಸಿವಿಲೈಸೇಷನ್'. ಅದನ್ನು ರೂಪಿಸಿದವರು ಮೈಕ್ರೋಪ್ರೋಸ್ ಕಂಪನಿಯ ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ. ಶೆಲ್ಲಿ ಬಂದದ್ದು ಆವಲಾನ್ ಹಿಲ್‌ನಿಂದ. ಎರಡೂ ಕಂಪನಿಗಳು ಬಾಲ್ಟಿಮೋರ್ ಆಸುಪಾಸಿನವೇ. ರಟ್ಟಿನ ಆಟದಿಂದ ಗಣಕದ ಆಟಕ್ಕೆ ದಾಟಿದ ದಾರಿ ಕೆಲವೇ ಮೈಲಿಯದು. ಮೈಯರ್ ಮೊದಲು ಕಟ್ಟಿದ ಮಾದರಿಯಲ್ಲಿ ಕಾಲ ತಾನಾಗಿ ಓಡುತ್ತಿತ್ತು. ಊರುಗಳು ಬೆಳೆಯುತ್ತಿದ್ದವು, ಆಡುವವನು ನೋಡುತ್ತಾ ಕೂರುತ್ತಿದ್ದ. ಅದು ಸಪ್ಪೆ ಎನ್ನಿಸಿತು. ಬದಲಿಗೆ ಸರದಿಯ ಪದ್ಧತಿಗೆ ಬಂದಾಗ, ಅಂದರೆ ಆಡುವವನು ಹೇಳುವ ತನಕ ಕಾಲವೇ ನಿಂತು ಕಾಯುವಂತೆ ಮಾಡಿದಾಗ, ಆಟಕ್ಕೆ ಜೀವ ಬಂತು. ಅವೇ ಊರುಗಳು, ಅವೇ ಅಂಕಿಗಳು. ಬದಲಾದದ್ದು ನಿರ್ಧಾರ ಯಾರದು ಎಂಬುದೊಂದೇ. ಆಟವೆಂದರೆ ಸ್ವಾರಸ್ಯವಾದ ಆಯ್ಕೆಗಳ ಸರಣಿ ಎಂಬರ್ಥದ ಮೈಯರ್‌ನ ಮಾತನ್ನು ಈ ಲೋಕದವರು ಪದೇಪದೇ ನೆನೆಯುತ್ತಾರೆ. ಅದು ಸಿದ್ಧಾಂತವಾಗಿ ಸಾಧಾರಣ. ಆದರೆ ಒಂದು ಆಟವನ್ನು ಕೆಡವಿ ಮತ್ತೆ ಕಟ್ಟಿದವನ ಬಾಯಲ್ಲಿ ಅದಕ್ಕೆ ತೂಕವಿದೆ. ಇನ್ನೊಂದೇ ಸರದಿ ಎನ್ನುತ್ತಾ ರಾತ್ರಿ ಕಳೆಯುವ ಅಭ್ಯಾಸ ಈ ಆಟದೊಂದಿಗೇ ಹೆಸರಾಯಿತು. ಕಾರಣವೂ ಸರಳ. ಹತ್ತು ಸರದಿಯ ಹಿಂದೆ ಬಿತ್ತಿದ್ದು ಈಗ ತೆನೆಗಟ್ಟುತ್ತಿರುತ್ತದೆ, ಈಗ ಬಿತ್ತಿದ್ದನ್ನು ಕೊಯ್ಯಲು ಇನ್ನೂ ಹತ್ತು ಸರದಿ ಇರುತ್ತದೆ. ಎದ್ದು ಹೋಗಲು ಸರಿಯಾದ ಹೊತ್ತು ಎಂಬುದೇ ಬರುವುದಿಲ್ಲ. ಇದು ಆಟದ ಗುಣವೋ ದೋಷವೋ ಎಂದರೆ, ಎರಡೂ ಹೌದು. ಮರುದಿನ ಕೆಲಸಕ್ಕೆ ಹೋಗಬೇಕಾದವರ ದೂರನ್ನು ನಾನು ತಳ್ಳಿಹಾಕಲಾರೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಯೋಚಿಸಿ ನಿರ್ಧರಿಸುವುದೇ ಸುಖವಾಗಿದ್ದರೆ, ಯೋಚನೆಗೆ ಬಿಡುವೇ ಕೊಡದ ಆಟಗಳು ಲಕ್ಷಾಂತರ ಜನರನ್ನು ಹಿಡಿದದ್ದು ಹೇಗೆ? 1992ರಲ್ಲಿ ವೆಸ್ಟ್‌ವುಡ್ ಸ್ಟುಡಿಯೋಸ್‌ನ 'ಡ್ಯೂನ್ 2' ಬಂದ ಮೇಲೆ ಸರದಿಯಿಲ್ಲದ, ಇಬ್ಬರೂ ಒಟ್ಟಿಗೇ ಆಡುವ ಓಟದ ಆಟಗಳು ಮುಂದೆ ಬಂದವು. 1998ರ 'ಸ್ಟಾರ್‌ಕ್ರಾಫ್ಟ್' ದಕ್ಷಿಣ ಕೊರಿಯದಲ್ಲಿ ಟಿವಿ ವಾಹಿನಿ, ಸಂಬಳದ ಆಟಗಾರರು, ಅಭಿಮಾನಿಗಳ ಸಂತೆ ಎಲ್ಲವನ್ನೂ ಹುಟ್ಟಿಸಿತು. ಆರ್ಥಿಕ ಕುಸಿತದ ಮರುವರ್ಷ, ಗಲ್ಲಿಗಲ್ಲಿಯಲ್ಲೂ ಪಿಸಿ ಬಾಂಗ್ ಎಂಬ ಗಂಟೆ ಬಾಡಿಗೆಯ ಅಂಗಡಿಗಳು ತೆರೆದ ಕಾಲ ಅದು. ಅಲ್ಲಿನ ನುರಿತ ಆಟಗಾರ ನಿಮಿಷಕ್ಕೆ ಮುನ್ನೂರು ಸಲ ಮೌಸು-ಕೀಲಿ ಒತ್ತುತ್ತಾನೆ. ಇದು ಬುದ್ಧಿಯ ಆಟವೋ ಬೆರಳಿನ ಕಸರತ್ತೋ? ಕಸರತ್ತಿನ ಪಾಲು ಇದೆ ಎಂದು ಒಪ್ಪಿಬಿಡುವುದೇ ಮೇಲು. ಪಂದ್ಯದ ಮೈದಾನದ ಸುಖವೊಂದು ಇಲ್ಲಿ ಬಂದು ಸೇರಿದೆ. ಆದರೆ ಒಳಗಿನ ಹಂದರ ಬದಲಾಗಿಲ್ಲ. ಹಮುರಾಬಿಯಲ್ಲಿ ಸಾಲದೆ ಬಂದದ್ದು ಕಾಳು. ಇಲ್ಲಿ ಸಾಲದೆ ಬರುವುದು ಗಮನ. ಗಡಿಯಲ್ಲಿ ಕಾದಾಟ ನಡೆಯುವಾಗ ಊರಿನ ಗಣಿಯತ್ತ ನೋಡಬೇಕೋ ಬೇಡವೋ ಎಂಬುದೇ ನಿರ್ಧಾರ, ಅದನ್ನು ಎರಡು ಉಸಿರಿನ ನಡುವೆ ಮಾಡಬೇಕು. ನಮ್ಮ ಹುಲಿ-ಕುರಿ ಆಟ ಬಲ್ಲವರಿಗೆ 'ಸ್ಟಾರ್‌ಕ್ರಾಫ್ಟ್'ನ ಇನ್ನೊಂದು ಗುಣವೂ ಪರಿಚಿತವೆನಿಸಬೇಕು: ಎರಡು ಕಡೆಯ ಬಲ ಒಂದೇ ಬಗೆಯದಲ್ಲ. ಮೂರು ಹುಲಿ, ಹದಿನೈದು ಕುರಿ. ಹುಲಿಗೆ ಹಾರುವ ಶಕ್ತಿ, ಕುರಿಗೆ ಒಟ್ಟಾಗುವ ಶಕ್ತಿ. ಹಳೆಯ ದೇವಾಲಯಗಳ ನೆಲಗಲ್ಲಿನ ಮೇಲೆ ಕೊರೆದ ಆ ಗೆರೆಗಳು ಅಸಮ ಬಲಗಳ ತೂಕ ಸರಿಹೊಂದಿಸುವ ಕಲೆಯನ್ನು ಎಂದೋ ಅರಿತಿದ್ದವು.

ಈ ಆಟಗಳು ಯುದ್ಧವನ್ನೂ ಸಾಮ್ರಾಜ್ಯವನ್ನೂ ವೈಭವೀಕರಿಸುತ್ತವೆ ಎಂಬ ದೂರು ಇದಕ್ಕಿಂತ ಭಾರವಾದದ್ದು. ಸುಖದ ಮೂಲವೇ ಯುದ್ಧ ಎಂದಾದರೆ ಆ ಮಾತು ನಿಲ್ಲುವುದಿಲ್ಲ. 'ಹಮುರಾಬಿ'ಯಲ್ಲಿ ಯುದ್ಧವಿಲ್ಲ. ಡ್ಯಾನಿಯಲ್ ಬಂಟನ್ ಬೆರ್ರಿ ತಮ್ಮ ತಂಡದೊಂದಿಗೆ 1983ರಲ್ಲಿ ತಂದ 'ಮ್ಯೂಲ್'ನಲ್ಲಿ ನಾಲ್ವರು ಒಂದು ಬಂಜರು ಗ್ರಹದಲ್ಲಿ ಬೆಳೆ-ಗಣಿ ನಡೆಸಿ ಪೇಟೆಯಲ್ಲಿ ಚೌಕಾಸಿ ಮಾಡುತ್ತಾರೆ. ಕೊನೆಗೆ ಗೆದ್ದವನು ಒಬ್ಬನಾದರೂ ಇಡೀ ನೆಲೆ ಬದುಕಿತೋ ಇಲ್ಲವೋ ಎಂಬ ತೀರ್ಪು ಎಲ್ಲರ ಮೇಲೂ ಬರುತ್ತದೆ. 1985ರಲ್ಲಿ ಕ್ರಾಫರ್ಡ್ ಬರೆದ 'ಬ್ಯಾಲೆನ್ಸ್ ಆಫ್ ಪವರ್'ನಲ್ಲಿ ಅಣುಯುದ್ಧ ಹಚ್ಚಿದವನಿಗೆ ಸ್ಫೋಟದ ಚಿತ್ರವೂ ಇಲ್ಲ. ಕಪ್ಪು ಪರದೆಯ ಮೇಲೆ, ಸೋಲಿಗೆ ಬಹುಮಾನ ಕೊಡುವುದಿಲ್ಲ ಎಂಬರ್ಥದ ಸಾಲುಗಳು ಮಾತ್ರ. ಆದರೆ ದೂರಿನ ಇನ್ನರ್ಧವನ್ನು ಹೀಗೆ ಜಾರಿಸಲಾಗದು. 1994ರಲ್ಲಿ ಮೈಯರ್ ಹೆಸರಿನಲ್ಲೇ ಬಂದ 'ಕೊಲೊನೈಸೇಷನ್' ಅಮೆರಿಕ ಖಂಡದ ವಸಾಹತುಗಳ ಆಟ. ಹೊಗೆಸೊಪ್ಪು, ಹತ್ತಿ, ಸಕ್ಕರೆ ಎಲ್ಲದರ ಲೆಕ್ಕವೂ ಅದರಲ್ಲಿದೆ. ಅವನ್ನು ಬೆಳೆದ ಆಫ್ರಿಕದ ಗುಲಾಮರು ಮಾತ್ರ ಎಲ್ಲೂ ಇಲ್ಲ. ಕಡತದಲ್ಲಿ ಹೆಸರಿಲ್ಲದವನ ಬಗ್ಗೆ ಆಡುವವನು ನಿರ್ಧಾರ ಮಾಡುವಂತಿಲ್ಲ, ಆದ್ದರಿಂದ ತಪ್ಪು ಮಾಡುವಂತೆಯೂ ಇಲ್ಲ. ಇಂಥ ಲೋಪ ಚಿಕ್ಕ ರೂಪದಲ್ಲಿ ನಮ್ಮನ್ನೂ ಮುಟ್ಟಿದೆ. ಬೆಂಗಳೂರಿನ ಸೈಬರ್ ಕೆಫೆಗಳಲ್ಲೂ ಆಡಿದ 1999ರ 'ಏಜ್ ಆಫ್ ಎಂಪೈರ್ಸ್ 2'ರ ಮೂಲದ 13 ನಾಗರಿಕತೆಗಳಲ್ಲಿ ಭಾರತವೇ ಇರಲಿಲ್ಲ. 2013ರಲ್ಲಿ ಭಾರತೀಯರು ಎಂಬ ಒಂದೇ ಖಾತೆ ತೆರೆಯಿತು, 2022ರಲ್ಲಿ ಅದು ನಾಲ್ಕಾಗಿ ಒಡೆಯಿತು. ಚಾಲುಕ್ಯರೂ ಹೊಯ್ಸಳರೂ ತಮ್ಮನ್ನು 'ದ್ರಾವಿಡರು' ಎಂಬ ತಲೆಬರಹದಡಿ ಹುಡುಕಿಕೊಳ್ಳಬೇಕು.

ಹೀಗೆ ಮಾತು ಶಾನುಭೋಗನ ಬಳಿಗೇ ಮರಳುತ್ತದೆ. ಲೆಕ್ಕವನ್ನು ಇನ್ನೊಬ್ಬರಿಗೆ ಒಪ್ಪಿಸಿದರೆ ಕೈ ಹಗುರಾಗುತ್ತದೆ, ಕಣ್ಣೂ ತುಸು ಮಂಕಾಗುತ್ತದೆ. ಅಳಗುಳಿ ಮಣೆಯ ಮುಂದೆ ಕೂತವರಿಗೆ ಎಣಿಸುವುದೇ ಆಟ. ಗುಳಿಯಿಂದ ಗುಳಿಗೆ ಬೀಜ ಬಿಡುವ ಬೆರಳಿಗೆ ಮುಂದಿನ ಸುತ್ತು ಎಲ್ಲಿ ಮುಗಿಯುತ್ತದೆಂಬ ಅರಿವು ತಾನಾಗಿ ಬರುತ್ತದೆ. ಆ ಎಣಿಕೆಯನ್ನು ಯಂತ್ರಕ್ಕೆ ಕೊಟ್ಟರೆ ಆಟದಲ್ಲಿ ಏನೂ ಉಳಿಯದು. ಹಾಗಿದ್ದರೆ ನನ್ನ ವಾದವೇ ತಪ್ಪಲ್ಲವೇ ಎಂದು ಕೇಳಬಹುದು. ಎಣಿಕೆ ಅಂಗೈಯಲ್ಲಿ ಹಿಡಿಸುವ ತನಕ ಅದು ಯೋಚನೆಯ ಇನ್ನೊಂದು ರೂಪ. ಹಿಡಿ ಮೀರಿದ ಮೇಲೆ ಅದು ಬರಿಯ ದುಡಿಮೆ. ಎರಡರ ನಡುವಿನ ಗೆರೆ ಎಲ್ಲಿದೆಯೆಂಬುದು ಆಟದಿಂದ ಆಟಕ್ಕೆ ಬೇರೆ. ಗೆರೆಯ ಈಚೆಗಿದ್ದುಕೊಂಡು ಲೆಕ್ಕ ಇಟ್ಟವರು ಎಷ್ಟು ಕಲಿಯಬಲ್ಲರು ಎಂಬುದಕ್ಕೆ ಎರಡನೆಯ ಮಹಾಯುದ್ಧದ ಒಂದು ಪ್ರಸಂಗವಿದೆ. 1942ರಲ್ಲಿ ಲಿವರ್‌ಪೂಲ್‌ನಲ್ಲಿ ಗಿಲ್ಬರ್ಟ್ ರಾಬರ್ಟ್ಸ್ ಎಂಬ ನೌಕಾಧಿಕಾರಿ, ಜರ್ಮನ್ ಜಲಾಂತರ್ಗಾಮಿಗಳನ್ನು ಎದುರಿಸುವ ಉಪಾಯ ಹುಡುಕಲು ನೆಲವನ್ನೇ ಅಟ್ಲಾಂಟಿಕ್ ಸಾಗರ ಮಾಡಿ ಒಂದು ಆಟ ಹೂಡಿದ. ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಹಡಗುಗಳ ಸ್ಥಾನ ಗುರುತಿಸುತ್ತಿದ್ದವರು ನೌಕಾಪಡೆಯ ಮಹಿಳಾ ವಿಭಾಗದ ಎಳೆಯ ಹುಡುಗಿಯರು. ಹಡಗಿನ ಕಪ್ತಾನರು ಪರದೆಯ ಕಂಡಿಯಿಂದ ಇಣುಕಿ ನೋಡಬೇಕಿತ್ತು. ಒಂದು ದಿನ ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್, ತಾನೇ ಹಿಂದೆ ಜಲಾಂತರ್ಗಾಮಿ ನಡೆಸಿದವನು, ಜರ್ಮನರ ಕಡೆ ಆಡಲು ಕೂತ. ಐದು ಸಲ ಆಡಿದ, ಐದು ಸಲವೂ ಮುಳುಗಿದ. ಎದುರು ಆಡಿದವಳು ಜ್ಯಾನೆಟ್ ಓಕೆಲ್ ಎಂಬ ಯುವತಿ. ದಿನವಿಡೀ ಆ ನೆಲದ ಮೇಲೆ ಲೆಕ್ಕ ಇಟ್ಟವಳು.

ಓಕೆಲ್‌ಗೆ ನಿಯಮದ ಒಳಮೈ ಕಾಣುತ್ತಿತ್ತು. ಇಂದಿನ ಆಟಗಾರನಿಗೆ ಕಾಣುವುದಿಲ್ಲ. ಹಿಂದೆ ನಮ್ಮ ಹಳ್ಳಿಗಳಲ್ಲಿ ಮಸಿ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆದದ್ದನ್ನು ಓದಬಲ್ಲವನು ಶಾನುಭೋಗನೊಬ್ಬನೇ ಆಗಿರುತ್ತಿದ್ದ. ಅದರಲ್ಲಿ ಏನಿದೆಯೆಂಬ ಬಗ್ಗೆ ಊರ ಮಂದಿ ಕಥೆ ಕಟ್ಟಿಕೊಳ್ಳುತ್ತಿದ್ದರು. ಮುಚ್ಚಿದ ಕಡತವಿದ್ದಲ್ಲಿ ಗಾಳಿಸುದ್ದಿಯೂ ಇರುತ್ತದೆ. 'ಸಿವಿಲೈಸೇಷನ್'ನಲ್ಲಿ ಭಾರತೀಯರ ನಾಯಕ ಮಹಾತ್ಮ ಗಾಂಧಿ. ಆಟದ ಕೊನೆಯ ಘಟ್ಟದಲ್ಲಿ ಗಾಂಧಿ ಅಣುಬಾಂಬು ಹಾಕಲು ಶುರುಮಾಡುತ್ತಾರೆ, ಅವರ ಆಕ್ರಮಣಶೀಲತೆಯ ಅಂಕ ಒಂದಿದ್ದದ್ದು ಸೊನ್ನೆಗಿಂತ ಕೆಳಗಿಳಿದು ತಿರುಗಿ 255 ಆಗಿಬಿಡುತ್ತದೆ ಎಂಬ ಕಥೆ ಜಗತ್ತಿನೆಲ್ಲೆಡೆ ಹಬ್ಬಿತು. ಕೇಳಲು ಎಷ್ಟು ಕರಾರುವಾಕ್ಕಾಗಿದೆ! ಅಂಥ ದೋಷ ಮೂಲ ಆಟದಲ್ಲಿ ಇರಲೇ ಇಲ್ಲವೆಂದು ಮೈಯರ್ 2020ರಲ್ಲಿ ಪ್ರಕಟಿಸಿದ ತನ್ನ ಆತ್ಮಕಥನದಲ್ಲಿ ಹೇಳಿದ್ದಾನೆ. ಆ ಹೊತ್ತಿಗೆ ಆಟದ ಐದನೆಯ ಅವತಾರದಲ್ಲಿ ಗಾಂಧಿಯ ಬಾಂಬಿನ ಒಲವನ್ನು ತಮಾಷೆಗೆಂದೇ ಏರಿಸಿದ್ದೂ ಆಗಿತ್ತು. ರಟ್ಟಿನ ಆಟದಲ್ಲಿ ಇಂಥ ಪುರಾಣ ಹುಟ್ಟಲು ಸಾಧ್ಯವಿಲ್ಲ. ನಿಯಮದ ಪುಸ್ತಕ ಮೇಜಿನ ಮೇಲೇ ಬಿದ್ದಿರುತ್ತದೆ, ಪಾಸ್ತಾದ ನೀರಿನ ಸಮೇತ.

ಆದ್ದರಿಂದ ಕಂಪ್ಯೂಟರಿನ ಉಪಕಾರವನ್ನು ನೆನೆಯುವಾಗಲೇ ಕಡತ ತೆರೆಯಿರಿ ಎಂದು ಕೇಳುವುದೂ ಆಡುವವರ ಹಕ್ಕು. ಕೇಳಿದವರು ಇದ್ದಾರೆ, ಮಾಡಿ ತೋರಿಸಿದವರೂ ಇದ್ದಾರೆ. ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು ಮೈಯರ್‌ನ ಆಟದ ಜಾಡಿನಲ್ಲೇ 'ಫ್ರೀಸಿವ್' ಬರೆದು, 1996ರ ಜನವರಿಯಲ್ಲಿ ಅದರ ಸಾಲುಸಾಲನ್ನೂ ಎಲ್ಲರಿಗೂ ಬಿಟ್ಟುಕೊಟ್ಟರು. ವೆಸ್ಟ್‌ವುಡ್‌ನ 'ಕಮಾಂಡ್ ಆಂಡ್ ಕಾಂಕರ್' ಆಟಗಳಲ್ಲಿ ಎರಡರ ಮೂಲಸಂಕೇತವನ್ನು ಅವುಗಳ ಈಗಿನ ಒಡೆಯರೇ 2020ರಲ್ಲಿ ಹೊರಗೆ ಹಾಕಿದರು. ಇನ್ನು 'ಹಮುರಾಬಿ'ಯ ಕಡತ ಎಂದೂ ಮುಚ್ಚಿದ್ದೇ ಇಲ್ಲ. ಅದು ಪುಸ್ತಕದ ಕೆಲವೇ ಪುಟಗಳಲ್ಲಿ ಅಚ್ಚಾಗಿತ್ತು, ಓದುಗ ತಾನೇ ಟೈಪು ಮಾಡಿಕೊಂಡು ಆಡಬೇಕಿತ್ತು. ಇಲಿಗಳು ಎಷ್ಟು ಕಾಳು ತಿನ್ನುತ್ತವೆಂದು ನಿರ್ಧರಿಸುವ ಸಾಲು ಅದರಲ್ಲಿ ಇವತ್ತಿಗೂ ಇದೆ. ಯಾರು ಬೇಕಾದರೂ ಓದಬಹುದು, ಹೆಚ್ಚಾಯಿತೆನಿಸಿದರೆ ತಿದ್ದಲೂಬಹುದು.